ಬಿಳಿಯ ಗೌನು: ಧರ್ಮಸಭೆಯ ಕಟ್ಟಳೆಯೋ, ಮನೆಯ ಆಯ್ಕೆಯೋ?

ಮೂರು ರಾಯರ ಹಬ್ಬ ಕಳೆದು ಬೂದಿ ಬುಧವಾರ ಬರುವವರೆಗಿನ ವಾರಗಳು ಮತ್ತು ಈಸ್ಟರ್ ಹಬ್ಬದಿಂದ ಮಳೆ ಹಿಡಿಯುವವರೆಗಿನ ದಿನಗಳು ನಮ್ಮ ಕರಾವಳಿಯ ಕೆಥೊಲಿಕ್ ಕುಟುಂಬಗಳಿಗೆ ಮದುವೆಯ ಕಾಲ. ಭಾನುವಾರದ ಬಲಿಪೂಜೆಯ ಕೊನೆಯಲ್ಲಿ ಗುರುಗಳು ವಿವಾಹ ಪ್ರಕಟಣೆಗಳನ್ನು ಓದತೊಡಗಿದರೆಂದರೆ ಮನೆಮನೆಗಳಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಸಭಾಂಗಣ, ಅಡುಗೆಯವರು, ಬ್ಯಾಂಡು, ವಾಹನ ಇವು ಗಂಡಸರ ಪಾಲಿನ ಚಿಂತೆ. ಹೆಂಗಸರ ಪಾಲಿಗೆ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ, ಮದುಮಗಳು ಇಗರ್ಜಿಗೆ ಯಾವ ಉಡುಪಿನಲ್ಲಿ ಹೋಗಬೇಕು ಎಂಬುದು. ಈ ಪ್ರಶ್ನೆ ನಗುನಗುತ್ತಾ ಆರಂಭವಾಗಿ ಅನೇಕ ಮನೆಗಳಲ್ಲಿ ಕಣ್ಣೀರಿನಲ್ಲಿ ಮುಗಿಯುವುದನ್ನು ನಾವು ಕಂಡಿದ್ದೇವೆ. ಆದುದರಿಂದ ಈ ವಾರ ಅದನ್ನೇ ಎತ್ತಿಕೊಂಡಿದ್ದೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಚರ್ಚಿನಲ್ಲಿ ಮದುವೆಯಾಗಬೇಕಾದರೆ ಬಿಳಿಯ ಗೌನು ಇರಲೇಬೇಕು ಎಂದು ನಂಬಿರುವ ತಾಯಂದಿರು ಈಗಲೂ ಇದ್ದಾರೆ. ಧರ್ಮಸಭೆಯ ಕಾನೂನಿನಲ್ಲಿ ಅಂತಹ ಮಾತೇ ಇಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯು ವಿವಾಹದ ವಿಧಿಗಾಗಿ ಕೇಳುವುದು ಅಧಿಕಾರ ಪಡೆದ ಗುರುಗಳ ಅಥವಾ ಉಪಯಾಜಕರ ಉಪಸ್ಥಿತಿ, ಇಬ್ಬರು ಸಾಕ್ಷಿಗಳು ಮತ್ತು ವಧೂವರರ ಮುಕ್ತ ಸಮ್ಮತಿಯನ್ನು ಮಾತ್ರ. ವಿವಾಹ ವಿಧಿಯ ಪುಸ್ತಕದಲ್ಲಿ ಉಂಗುರಗಳನ್ನು ಆಶೀರ್ವದಿಸುವ ಪ್ರಾರ್ಥನೆ ಇದೆ. ಗೌನಿಗೆ ಸಂಬಂಧಪಟ್ಟ ಒಂದಕ್ಷರವೂ ಇಲ್ಲ. ಹಿಂದಿನ, ಅಂದರೆ 1917ರ ಸಂಹಿತೆಯಲ್ಲಿ ಸ್ತ್ರೀಯರು ದೇವಾಲಯದೊಳಗೆ ತಲೆ ಮುಚ್ಚಿಕೊಂಡಿರಬೇಕೆಂಬ ವಿಧಿಯಿತ್ತು. 1983ರ ಸಂಹಿತೆಯಲ್ಲಿ ಅದನ್ನೂ ಉಳಿಸಿಕೊಂಡಿಲ್ಲ. ಹಾಗಾಗಿ ಮದುಮಗಳ ಮುಸುಕು ಸಹ ಇಂದು ಸಂಪ್ರದಾಯವೇ ಹೊರತು ಕಡ್ಡಾಯವಲ್ಲ.

ಹಾಗಾದರೆ ಬಿಳಿಯ ಗೌನು ಬಂದದ್ದು ಎಲ್ಲಿಂದ? ಬೈಬಲಿನಿಂದ ಎನ್ನುವಂತಿಲ್ಲ. ರಾಜವಿವಾಹದ ಗೀತೆಯಾದ 45ನೆಯ ಕೀರ್ತನೆಯ ಮದುಮಗಳು ಬಂಗಾರದಿಂದ ಅಲಂಕೃತಳಾಗಿ, ಬಣ್ಣಬಣ್ಣದ ಕಸೂತಿಯ ವಸ್ತ್ರ ಧರಿಸಿ ಅರಸನ ಬಳಿಗೆ ಬರುತ್ತಾಳೆ. ಯುರೋಪಿನಲ್ಲಿಯೂ ಶತಮಾನಗಳ ಕಾಲ ಮದುಮಗಳು ತನ್ನಲ್ಲಿದ್ದ ಅತ್ಯುತ್ತಮ ಉಡುಪನ್ನು, ಅದು ನೀಲಿಯಿರಲಿ ಕೆಂಪಿರಲಿ, ಧರಿಸಿ ಇಗರ್ಜಿಗೆ ಹೋಗುತ್ತಿದ್ದಳು. ಕಟ್ಟಾ ಕೆಥೊಲಿಕ್ ದೇಶವಾದ ಸ್ಪೇನಿನಲ್ಲಿ ಕಪ್ಪು ರೇಷ್ಮೆಯ ಉಡುಪು, ಕಪ್ಪು ಲೇಸಿನ ಮುಸುಕು ಮದುಮಗಳ ಶೃಂಗಾರವಾಗಿದ್ದ ಕಾಲವಿತ್ತು! ಬಿಳಿಯ ಗೌನನ್ನು ಲೋಕಪ್ರಿಯಗೊಳಿಸಿದ ಮದುಮಗಳು ಕೆಥೊಲಿಕಳೂ ಅಲ್ಲ. 1840ರ ಫೆಬ್ರವರಿ 10ರಂದು ಲಂಡನಿನಲ್ಲಿ ವಿವಾಹವಾದ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಬಿಳಿಯ ಸ್ಯಾಟಿನ್ ಗೌನು ತೊಟ್ಟಳು. ಅದಕ್ಕೆ ಡೆವನ್ ಪ್ರಾಂತ್ಯದ ಹೆಣ್ಣುಮಕ್ಕಳು ಕೈಯಲ್ಲಿ ಹೆಣೆದ ಹೊನಿಟನ್ ಲೇಸನ್ನು ಜೋಡಿಸಲಾಗಿತ್ತು. ಯಂತ್ರದ ಲೇಸು ಬಂದು ಕೆಲಸ ಕಳೆದುಕೊಳ್ಳುತ್ತಿದ್ದ ಆ ಕಸುಬುದಾರರಿಗೆ ರಾಣಿಯ ಗೌನು ಆಸರೆಯಾಯಿತು. ತಲೆಯ ಮೇಲೆ ಕಿರೀಟದ ಬದಲು ಕಿತ್ತಳೆ ಹೂವಿನ ದಂಡೆ. ನಮ್ಮ ಹಳೆಯ ಮನೆಗಳ ಗೋಡೆಯ ಮೇಲಿನ ಮದುವೆಯ ಚಿತ್ರಗಳಲ್ಲಿ ಅಜ್ಜಿಯಂದಿರು ತಲೆಗೆ ಮುಡಿದಿರುವ ಬಿಳಿಯ ಸಣ್ಣ ಹೂಗಳ ದಂಡೆಯ ಮೂಲವನ್ನು ಹುಡುಕುತ್ತಾ ಹೋದರೆ ಈ ರಾಣಿಯ ಬಳಿಗೇ ತಲುಪುತ್ತೇವೆ.

ಇಷ್ಟು ಹೇಳಿದ ಮಾತ್ರಕ್ಕೆ ಬಿಳಿಯ ಬಣ್ಣಕ್ಕೆ ನಮ್ಮ ವಿಶ್ವಾಸದಲ್ಲಿ ಸ್ಥಾನವಿಲ್ಲವೆಂದು ಯಾರೂ ಭಾವಿಸಬಾರದು. ಗೌನು ನಿನ್ನೆ ಮೊನ್ನೆಯದಾದರೂ ಬಿಳಿಯ ವಸ್ತ್ರ ಬಹಳ ಹಳೆಯದು. ಜ್ಞಾನಸ್ನಾನದ ದಿನ ಮಗುವಿಗೆ ಗುರುಗಳು ಬಿಳಿಯ ವಸ್ತ್ರವನ್ನು ಕೊಡುತ್ತಾರೆ. ಜ್ಞಾನಸ್ನಾನ ಪಡೆದವರು ಕ್ರಿಸ್ತನನ್ನೇ ಧರಿಸಿಕೊಂಡವರೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದ ಮಾತಿನ ಗುರುತು ಅದು. ಪ್ರಥಮ ಪರಮಪ್ರಸಾದದ ದಿನ ಅದೇ ಬಿಳಿ ಮತ್ತೆ ಬರುತ್ತದೆ. ಪ್ರಕಟಣಾ ಗ್ರಂಥದಲ್ಲಿ ಕುರಿಮರಿಯ ವಿವಾಹಕ್ಕೆ ಸಿದ್ಧಳಾದ ವಧುವಿಗೆ ಶುಭ್ರವಾದ ನಾರುಮಡಿ ಕೊಡಲ್ಪಡುತ್ತದೆ. ಆ ನಾರುಮಡಿಯೆಂದರೆ ಸಜ್ಜನರ ಸತ್ಕಾರ್ಯಗಳು ಎಂದು ಗ್ರಂಥವೇ ವಿವರಿಸುತ್ತದೆ. ಹೀಗಾಗಿ ಮದುಮಗಳ ಬಿಳಿಯು ಆಕೆಯ ಜ್ಞಾನಸ್ನಾನದ ಬಿಳಿ. ಅದು ಗೌನಿನಲ್ಲಿದ್ದರೂ ಸೀರೆಯಲ್ಲಿದ್ದರೂ ಅರ್ಥ ಬದಲಾಗದು. ಸೀರೆಗೆ ಹಸಿರು ಅಂಚಿದ್ದರೂ ಕೆಡದು.

ಈ ಮಾತನ್ನು ನಾವು ಒತ್ತಿ ಹೇಳಲು ಕಾರಣವಿದೆ. ಪತಿಯನ್ನು ಕಳೆದುಕೊಂಡ ಸ್ತ್ರೀಯೊಬ್ಬಳು ಮರುವಿವಾಹವಾಗುವಾಗ ‘ಆಕೆಗೆ ಬಿಳಿಯ ಗೌನು ಹೇಗೆ?’ ಎಂಬ ಪಿಸುಮಾತು ನಮ್ಮಲ್ಲಿ ಹುಟ್ಟಿಯೇ ಹುಟ್ಟುತ್ತದೆ. ಬೂದುಬಣ್ಣದ ಸೀರೆಯುಡಿಸಿ, ಬೆಳಗಿನ ಬಲಿಪೂಜೆಯಲ್ಲಿ, ಹತ್ತು ಮಂದಿಯ ಮುಂದೆ, ಏನೋ ಅಪರಾಧ ಮಾಡಿದವಳಂತೆ ಆಕೆಯ ಮದುವೆ ಮುಗಿಸಿಬಿಡುವವರಿದ್ದಾರೆ. ಈ ಸಂಕೋಚಕ್ಕೆ ಹಳೆಯದೊಂದು ಬೇರು ಇದೆಯೆಂಬುದನ್ನು ಒಪ್ಪೋಣ. 1917ರ ಸಂಹಿತೆಯ ಪ್ರಕಾರ, ಒಮ್ಮೆ ವಿವಾಹದ ವಿಶೇಷ ಆಶೀರ್ವಾದ ಪಡೆದ ಸ್ತ್ರೀಗೆ ಮುಂದಿನ ವಿವಾಹದಲ್ಲಿ ಅದನ್ನು ಮತ್ತೆ ನೀಡುವಂತಿರಲಿಲ್ಲ. ಪುರುಷನಿಗೆ ಅಂತಹ ತಡೆ ಇರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. 1969ರಲ್ಲಿ ವಿವಾಹ ವಿಧಿಯನ್ನು ಪರಿಷ್ಕರಿಸಿದ ಮೇಲೆ ಆ ಭೇದ ಉಳಿದಿಲ್ಲ. ಕಾನೂನು ಬಿಟ್ಟುಕೊಟ್ಟದ್ದನ್ನು ನೆಂಟರು ಹಿಡಿದುಕೊಂಡಿರುವುದೇಕೆ? ಬಿಳಿಯ ವಸ್ತ್ರವನ್ನು ಕನ್ಯತ್ವದ ಪ್ರಮಾಣಪತ್ರವೆಂದು ತಿಳಿದದ್ದೇ ಇದರ ಮೂಲ. ಜ್ಞಾನಸ್ನಾನದ ವಸ್ತ್ರವು ವೈಧವ್ಯದಿಂದ ಕಳಚಿ ಬೀಳುವುದಿಲ್ಲ. ಮರುವಿವಾಹವಾಗುವ ಸ್ತ್ರೀ ತನಗಿಷ್ಟವಾದರೆ ಗೌನು ತೊಡಲಿ, ಮುಸುಕು ಧರಿಸಲಿ. ಇಷ್ಟವಿಲ್ಲದಿದ್ದರೆ ಬೇರೆ ಯಾವ ಬಣ್ಣವನ್ನಾದರೂ ಉಡಲಿ. ಆಯ್ಕೆ ಆಕೆಯದಾಗಿರಬೇಕು ಎಂಬುದಷ್ಟೇ ನಮ್ಮ ವಾದ.

ಇನ್ನು ನಮ್ಮ ಹಿರಿಯರ ಕಡೆಗೆ ನೋಡೋಣ. ಮಂಗಳೂರಿನ ಕೊಂಕಣಿ ಕೆಥೊಲಿಕರಲ್ಲಿ ಹಿಂದೆ ಮದುವೆಯಾಗದ ಹೆಣ್ಣುಮಕ್ಕಳು ಸೊಂಟಕ್ಕೆ ‘ಕಿರ್ಗಿ’ಯನ್ನೂ ಮೇಲೆ ‘ಬಾಜು’ವನ್ನೂ ತೊಡುತ್ತಿದ್ದರು. ಸೆರಗನ್ನು ಹೆಗಲ ಮೇಲೆ ಹಾಕಿ ಪೂರ್ಣ ಸೀರೆ ಉಡುವ ಹಕ್ಕು ವಿವಾಹಿತೆಯದು. ಮದುವೆಯ ಸೀರೆಗೆ ‘ಸಾಡೊ’ ಎಂದು ಹೆಸರು. ಕೆಂಪು ಅಥವಾ ಹೊಂಬಣ್ಣದ ಉತ್ತಮ ರೇಷ್ಮೆ. ಅದರ ಮೇಲೆ ‘ಪಿರ್ದುಕ್’ ಸರ. ಅಂದರೆ ಆ ಕಾಲದ ಹುಡುಗಿಗೆ ಮದುವೆಯ ಉಡುಪು ಒಂದು ದಿನದ ಅಲಂಕಾರವಾಗಿರಲಿಲ್ಲ. ಆ ದಿನ ಹೆಗಲೇರಿದ ಸೆರಗು ಜೀವನಪೂರ್ತಿ ಹೆಗಲ ಮೇಲೆಯೇ ಇರುತ್ತಿತ್ತು. ಗೋವೆಯ ಕೆಥೊಲಿಕ್ ಮನೆಗಳಲ್ಲಿ ಇದೇ ಹೆಸರಿನ ಕೆಂಪು ಉಡುಪಿಗೆ ದರ್ಜಿಯನ್ನು ಮನೆಗೆ ಕರೆಸಿ, ಬಟ್ಟೆಗೆ ಕತ್ತರಿ ಹಾಕುವಾಗ ಪಟಾಕಿ ಸಿಡಿಸಿ ಸಂಭ್ರಮಿಸುವ ಪದ್ಧತಿಯಿತ್ತು. ಇಂದು ನಮ್ಮ ಅನೇಕ ಮದುವೆಗಳಲ್ಲಿ ಮದುಮಗಳು ಇಗರ್ಜಿಯಲ್ಲಿ ಬಿಳಿಯ ಗೌನು ಅಥವಾ ಬಿಳಿಯ ಸೀರೆಯಲ್ಲಿದ್ದು, ಆರತಕ್ಷತೆಯಲ್ಲಿ ಕೆಂಪು ಸಾಡೊ ಉಡುತ್ತಾಳೆ. ಹೀಗೆ ಹಳೆಯದೂ ಹೊಸದೂ ಒಂದೇ ದಿನದಲ್ಲಿ ಒಬ್ಬಳ ಮೈಮೇಲೆ ರಾಜಿಯಾಗಿವೆ. ಈ ರಾಜಿ ನಮಗೆ ಸುಂದರವಾಗಿ ಕಾಣುತ್ತದೆ.

ರಾಜಿಯ ಹಿಂದೆ ನೋವಿನ ಚರಿತ್ರೆಯೂ ಇದೆ. 1659ರಲ್ಲಿಯೇ ರೋಮಿನ ವಿಶ್ವಾಸ ಪ್ರಸಾರ ಸಂಘವು ಪೂರ್ವ ದೇಶಗಳಿಗೆ ಹೊರಟ ಧರ್ಮಪ್ರಚಾರಕರಿಗೆ ಕೊಟ್ಟ ಸೂಚನೆಯಲ್ಲಿ, ಧರ್ಮಕ್ಕೂ ಸದಾಚಾರಕ್ಕೂ ಸ್ಪಷ್ಟವಾಗಿ ವಿರುದ್ಧವಾಗದ ಹೊರತು ಜನರ ನಡೆನುಡಿಗಳನ್ನು ಬದಲಿಸಲು ಹೋಗಬೇಡಿ ಎಂದು ತಿಳಿಸಿತ್ತು. ಹಾಗಿದ್ದರೂ ಅದಾಗಿ 77 ವರ್ಷಗಳ ನಂತರ, 1736ರಲ್ಲಿ, ಗೋವೆಯ ಇನ್‌ಕ್ವಿಸಿಷನ್ ನ್ಯಾಯಪೀಠವು ಹೊರಡಿಸಿದ ಆಜ್ಞೆಯು ಸ್ಥಳೀಯ ಕ್ರೈಸ್ತರ ಮದುವೆಯ ಅನೇಕ ಆಚರಣೆಗಳನ್ನು ನಿಷೇಧಿಸಿತು. ಪುರುಷರ ಪುಡ್ವೆಯನ್ನೂ ಸ್ತ್ರೀಯರ ಚೋಳಿಯನ್ನೂ ಅದು ಬಿಡಲಿಲ್ಲ. ಅದಕ್ಕೆ ಮೊದಲೂ ಆಮೇಲೂ ಕನ್ನಡ ಕರಾವಳಿಗೆ ವಲಸೆ ಬಂದ ನಮ್ಮ ಪೂರ್ವಿಕರು ಸೀರೆ, ಕರಿಮಣಿ, ತೆಂಗಿನ ಹಾಲಿನ ರೋಸ್ ಇವೆಲ್ಲವನ್ನೂ ಜೊತೆಯಲ್ಲಿ ತಂದರು, ಉಳಿಸಿಕೊಂಡರು. ಆದುದರಿಂದ ಸೀರೆಯುಟ್ಟು ಪೀಠದ ಮುಂದೆ ನಿಲ್ಲುವ ಮದುಮಗಳನ್ನು ‘ಹಳ್ಳಿಯವಳು’ ಎಂದು ಮೂಗು ಮುರಿಯುವವರು ತಮ್ಮ ಮುತ್ತಜ್ಜಿಯನ್ನೊಮ್ಮೆ ನೆನೆಯಬೇಕು.

ಎರಡನೆಯ ವಟಿಕನ್ ಮಹಾಸಭೆಯು 1963ರ ದೈವಾರಾಧನಾ ಸಂವಿಧಾನದಲ್ಲಿ ವಿವಾಹದ ಸ್ಥಳೀಯ ಸತ್ಸಂಪ್ರದಾಯಗಳನ್ನು ಉಳಿಸಿಕೊಳ್ಳಬೇಕೆಂಬ ಆಶಯವನ್ನು ಪುನರುಚ್ಚರಿಸಿತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರ ಕೋರಿಕೆಯಂತೆ ರೋಮ್ ಒಪ್ಪಿದ 12 ಅಂಶಗಳಲ್ಲಿ ಆರತಿ, ಎಣ್ಣೆಯ ದೀಪ, ಕೈಮುಗಿದು ವಂದನೆ ಇವೆಲ್ಲ ಸೇರಿದ್ದವು. ಗುರುಗಳು ಶಾಲು ಹೊದ್ದು ಬಲಿಪೂಜೆ ಅರ್ಪಿಸುವುದಕ್ಕೂ ದಾರಿಯಾಯಿತು. ಗುರುಗಳ ವಸ್ತ್ರದಲ್ಲಿಯೇ ಇಷ್ಟು ಅವಕಾಶ ದೊರೆತ ಮೇಲೆ ಮದುಮಗಳ ಸೀರೆಯನ್ನು ಅನುಮಾನದಿಂದ ನೋಡುವುದರಲ್ಲಿ ಅರ್ಥವಿಲ್ಲ. ನಮ್ಮದೇ ರಾಜ್ಯದ ಬೇರೆ ಕಡೆ ನೋಡಿದರೆ ಸಾಕು. ಮೈಸೂರು, ಬೆಂಗಳೂರು ಸೀಮೆಯ ಕನ್ನಡ ಕೆಥೊಲಿಕ್ ಮನೆಗಳಲ್ಲಿ ಮದುಮಗಳು ರೇಷ್ಮೆ ಸೀರೆಯಲ್ಲಿ ಬಂದು, ದೇವಾಲಯದಲ್ಲಿಯೇ ಶಿಲುಬೆಯ ಗುರುತಿರುವ ಮಾಂಗಲ್ಯವನ್ನು ಕಟ್ಟಿಸಿಕೊಳ್ಳುತ್ತಾಳೆ. 1999ರಲ್ಲಿ ಸ್ಥಾಪನೆಯಾದ ಬೆಳ್ತಂಗಡಿ ಧರ್ಮಪ್ರಾಂತ್ಯದ ಸಿರೋ ಮಲಬಾರ್ ಬಂಧುಗಳಲ್ಲಿ ‘ಮಂತ್ರಕೋಡಿ’ಯ ಸಂಪ್ರದಾಯವಿದೆ. ಆಶೀರ್ವದಿಸಿದ ಸೀರೆಯನ್ನು ವರನು ವಧುವಿನ ತಲೆಯ ಮೇಲೆ ಹೊದಿಸುತ್ತಾನೆ. ಅದೇ ಸೀರೆಯಿಂದ ತೆಗೆದ ಏಳು ನೂಲೆಳೆಗಳಲ್ಲಿ ‘ಮಿನ್ನು’ ಕಟ್ಟುವುದೂ ವಾಡಿಕೆ. ಅಲ್ಲಿ ಉಡುಪು ಅಂಗಡಿಯ ಸರಕಾಗಿ ಉಳಿಯುವುದಿಲ್ಲ, ವಿಧಿಯ ಒಂದು ಭಾಗವೇ ಆಗಿಬಿಡುತ್ತದೆ. ನಮಗೆ ಕೊಂಚ ಅಸೂಯೆಯಾಗುವಂತಹ ಪದ್ಧತಿ.

ಇತ್ತ ಗೌನನ್ನು ‘ಪರದೇಶಿ’ ಎಂದು ಜರೆಯುವವರ ಮಾತನ್ನೂ ನಾವು ಒಪ್ಪುವುದಿಲ್ಲ. ಪ್ಯಾಂಟು, ಕೋಟು, ಟೈ ಧರಿಸಿ ಬಂದು ಹೆಣ್ಣಿನ ಗೌನಿಗೆ ಮಾತ್ರ ಸಂಸ್ಕೃತಿಯ ಪಾಠ ಹೇಳುವ ಮಹನೀಯರನ್ನು ಕಂಡಿದ್ದೇವೆ. ಮೇ ತಿಂಗಳ ಸೆಖೆಯಲ್ಲಿ ಕಪ್ಪು ಸೂಟಿನೊಳಗೆ ಬೆವರುವ ಮದುಮಗನನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಸೂಟು ಬಾಡಿಗೆಯದೋ ಸ್ವಂತದ್ದೋ ಎಂದು ಯಾರೂ ಕೇಳುವುದೂ ಇಲ್ಲ. ಚಿಕ್ಕಂದಿನಿಂದ ಬಿಳಿಯ ಗೌನಿನ ಕನಸು ಕಂಡ ಹುಡುಗಿಗೆ ಅದು ಎಟಕುವಂತಿದ್ದರೆ ಸಂತೋಷದಿಂದ ತೊಡಲಿ.

ಎಟಕುವಂತಿದ್ದರೆ ಎಂಬಲ್ಲಿಯೇ ತೊಡಕು. ರೋಸ್ ದಿನಕ್ಕೊಂದು ಉಡುಪು, ಇಗರ್ಜಿಗೆ ಗೌನು, ಆರತಕ್ಷತೆಗೆ ಸಾಡೊ, ಅದರ ನಡುವೆ ಈಚೆಗೆ ಲೆಹೆಂಗಾ ಕೂಡ ಬಂದು ಸೇರಿದೆ. ಬಂಟ್ವಾಳ ತಾಲೂಕಿನ ಹಳ್ಳಿಯೊಂದರ ಪರಿಚಿತ ಮನೆಯ ಸಂಗತಿಯನ್ನು ಹೆಸರು ಹೇಳದೆ ಇಲ್ಲಿ ಬರೆಯುತ್ತೇವೆ. ತಂದೆಯಿಲ್ಲದ ಮನೆ; ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ವರನ ಕಡೆಯವರು ವರದಕ್ಷಿಣೆಯ ಮಾತೆತ್ತಲಿಲ್ಲ, ಸಭ್ಯರೇ. ಆದರೆ ಕೊಲ್ಲಿ ರಾಷ್ಟ್ರದಲ್ಲಿರುವ ಅವರ ನೆಂಟರಿಗೆ ಫೋಟೊಗಳು ಹೋಗಬೇಕಾದ ಕಾರಣ ಗೌನು ಬೆಂಗಳೂರಿನ ಅಂಗಡಿಯದೇ ಆಗಿರಲಿ ಎಂದು ಒಂದು ಮಾತು ತೇಲಿಬಿಟ್ಟರು. ತಾಯಿ ಕೈಬಳೆಗಳನ್ನು ಸಹಕಾರಿ ಸಂಘದಲ್ಲಿ ಅಡವಿಡಲು ಹೊರಟರು. ವಿವಾಹದ ಕಾಗದಪತ್ರ ತುಂಬಿಸಲು ಹೋದ ದಿನ ವಿಚಾರಣಾ ಗುರುಗಳು ಹುಡುಗಿಯನ್ನು, ‘ನಿನಗೇನು ಇಷ್ಟವಮ್ಮಾ?’ ಎಂದು ಕೇಳಿದರಂತೆ. ‘ಅಮ್ಮನ ಬಳೆ ಅಮ್ಮನ ಕೈಯಲ್ಲೇ ಇರುವಂತಹ ಉಡುಪು, ಫಾದರ್’ ಎಂದಳಂತೆ ಆಕೆ. ಕೊನೆಗೆ ಊರಿನ ದರ್ಜಿಯೇ ಕೆನೆಬಣ್ಣದ ಜಾರ್ಜೆಟ್ ಸೀರೆಗೆ ಲೇಸಿನ ಉದ್ದ ತೋಳಿನ ರವಿಕೆ ಹೊಲಿದುಕೊಟ್ಟರು. ಮುಸುಕು ದೊಡ್ಡಮ್ಮನ ಮಗಳದು. ವರನಿಗೆ ಸಂತೋಷವಾಯಿತು. ಆತನ ಕಡೆಯ ಕೆಲವರ ಮುಖ ಮಾತ್ರ ಊಟದವರೆಗೂ ಸಡಿಲಗೊಳ್ಳಲಿಲ್ಲ. ಅದನ್ನೂ ಬರೆಯಬೇಕಾದದ್ದು ನ್ಯಾಯ.

ಗೌನನ್ನೇ ಆರಿಸಿಕೊಳ್ಳುವವರಿಗೆ, ನಾಲ್ಕಾರು ದರ್ಜಿಗಳಿಂದಲೂ ಅನುಭವಸ್ಥ ತಾಯಂದಿರಿಂದಲೂ ನಾವು ಕೇಳಿ ತಿಳಿದ ಕೆಲವು ಮಾತುಗಳನ್ನು ಹೇಳುತ್ತೇವೆ. ಪುಸ್ತಕದ ಚಿತ್ರ ನೋಡಿ ಬಟ್ಟೆ ಆರಿಸಬೇಡಿ. ಆ ಚಿತ್ರಗಳು ಚಳಿ ದೇಶದವು. ನಮ್ಮ ಮದುವೆಗಳು ಅನೇಕ ಕಡೆ ಸಂಜೆ ನಾಲ್ಕರ ಸುಮಾರಿಗೆ, ಕಡಲ ತೇವದ ಗಾಳಿಯಲ್ಲಿ ನಡೆಯುತ್ತವೆ. ಪಾಲಿಯೆಸ್ಟರ್ ಸ್ಯಾಟಿನ್ ಅಂಗಡಿಯಲ್ಲಿ ಹೊಳೆಯುತ್ತದೆ. ಮೈಮೇಲೆ ಬಂದಾಗ ಬೆವರಿಗೆ ಅಂಟಿಕೊಳ್ಳುತ್ತದೆ, ಕ್ಯಾಮರಾದ ಬೆಳಕಿಗೆ ಒಂದೊಂದು ಮಡಿಕೆಯನ್ನೂ ಎತ್ತಿ ತೋರಿಸುತ್ತದೆ. ಟಫೆಟಾ ಇನ್ನೂ ಕಷ್ಟ. 1981ರಲ್ಲಿ ಲಂಡನಿನ ಸಂತ ಪೌಲರ ಮಹಾದೇವಾಲಯದಲ್ಲಿ ವಿವಾಹವಾದ ಡಯಾನಾ ಅವರ ರೇಷ್ಮೆ ಟಫೆಟಾದ ಗೌನು, 25 ಅಡಿ ಉದ್ದದ ಹಿಂಬಾಲದೊಡನೆ ಗಾಜಿನ ಸಾರೋಟಿನೊಳಗೆ ಅಮುಕಿಕೊಂಡು, ಇಳಿಯುವಾಗ ಸುಕ್ಕುಸುಕ್ಕಾಗಿದ್ದುದನ್ನು ಲೋಕವೇ ನೋಡಿತು. ರಾಜಮನೆತನದ ದರ್ಜಿಗಳಿಗೇ ಹೀಗಾದರೆ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಧೆಡಿಯ ಜೊತೆ ಕುಳಿತು ಬರುವ ನಮ್ಮ ಹುಡುಗಿಯರ ಪಾಡೇನು! ಕ್ರೇಪ್, ಜಾರ್ಜೆಟ್, ಹತ್ತಿಯ ಒಳಪದರವಿರುವ ನೆಟ್ ಇವು ನಮ್ಮ ಹವೆಗೆ ಒಗ್ಗುತ್ತವೆ. ಒಳಪದರ ತೆಳುವಾದ ಮಲ್ ಬಟ್ಟೆಯದೇ ಇರಲಿ ಎಂದು ದರ್ಜಿಗೆ ಒತ್ತಿ ಹೇಳಬೇಕು. ಲೇಸು ಕತ್ತಿಗೂ ಕಂಕುಳಿಗೂ ಚುಚ್ಚುತ್ತದೆಯೇ ಎಂಬುದನ್ನು ಐದು ನಿಮಿಷ ತೊಟ್ಟು ನೋಡಿ ಹೇಳಲಾಗದು. ಒಂದು ಗಂಟೆ ತೊಟ್ಟಿರಬೇಕು.

ಕತ್ತು ಮತ್ತು ತೋಳಿನ ಕುರಿತು ಇಗರ್ಜಿಗಳಲ್ಲಿ ಆಗಾಗ ಮುಜುಗರದ ಪ್ರಸಂಗಗಳು ನಡೆಯುತ್ತವೆ. ಧರ್ಮಕೇಂದ್ರದಲ್ಲಿ ಏನಾದರೂ ಸೂಚನೆಯಿದೆಯೇ ಎಂದು ಗುರುಗಳನ್ನು ಕೇಳಬೇಕಾದದ್ದು ಬಟ್ಟೆಗೆ ಕತ್ತರಿ ಹಾಕುವ ಮೊದಲು. ಮದುವೆಯ ದಿನ ಬಾಗಿಲಲ್ಲಿ ಶಾಲು ಹುಡುಕುವಂತಾಗಬಾರದು. ಮುಚ್ಚಿದ ಕತ್ತು, ಉದ್ದ ತೋಳು ಎಂದರೆ ಚೆಲುವಿಗೆ ಅಡ್ಡಿಯೆಂದು ತಿಳಿಯುವ ಹುಡುಗಿಯರು ಗ್ರೇಸ್ ಕೆಲಿ ಅವರ ಚಿತ್ರವನ್ನು ನೋಡಬೇಕು. ಹಾಲಿವುಡ್ಡಿನ ತಾರೆಯಾಗಿದ್ದ ಈ ಕೆಥೊಲಿಕ್ ಹೆಣ್ಣುಮಗಳು 1956ರ ಏಪ್ರಿಲ್ 19ರಂದು ಮೊನಾಕೊದ ಮಹಾದೇವಾಲಯದಲ್ಲಿ ಅರಸನನ್ನು ವರಿಸಿದಾಗ ಆಕೆಯ ಲೇಸು ಕತ್ತಿನವರೆಗೂ ಮುಂಗೈವರೆಗೂ ಮುಚ್ಚಿತ್ತು. ಆ ಗೌನು ಈಗ ಅಮೆರಿಕದ ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ ಆಸ್ತಿ. ಇಂದಿಗೂ ಅದನ್ನು ನಕಲು ಮಾಡುವವರಿದ್ದಾರೆ. ಆರತಕ್ಷತೆಗೆ ತೆರೆದ ತೋಳು ಬೇಕೇಬೇಕು ಎನ್ನುವವರು ಬಿಚ್ಚಿ ತೆಗೆಯಬಹುದಾದ ಲೇಸಿನ ಮೇಲಂಗಿಯನ್ನು ಹೊಲಿಸಿಕೊಳ್ಳಬಹುದು.

ನಮ್ಮ ಮದುಮಗಳು ಒಂದು ತಾಸು ಬರೇ ನಿಂತಿರುವುದಿಲ್ಲ. ಕೂರುತ್ತಾಳೆ, ಮೊಣಕಾಲೂರುತ್ತಾಳೆ, ಪರಮಪ್ರಸಾದಕ್ಕಾಗಿ ಏಳುತ್ತಾಳೆ, ಪೀಠದ ಮೆಟ್ಟಿಲು ಹತ್ತಿ ಇಳಿಯುತ್ತಾಳೆ. ಒಳಗೆ ತಂತಿಯ ಬಳೆಗಳಿರುವ ದೊಡ್ಡ ‘ಕ್ಯಾನ್ ಕ್ಯಾನ್’ ಹಾಕಿದರೆ ಮೊಣಕಾಲೂರಿದಾಗ ಹಿಂಭಾಗ ಮೇಲೇಳುತ್ತದೆ. ಹಿಂದಿನ ಸಾಲುಗಳಲ್ಲಿ ಕುಳಿತವರ ಭಕ್ತಿಗೆ ಅದು ಸಹಾಯಕವಲ್ಲ. ಆದುದರಿಂದ ಅಂಗಡಿಯ ಕನ್ನಡಿಯೆದುರು ನಿಂತು ಮೆಚ್ಚಿಕೊಂಡರೆ ಸಾಲದು. ಅಲ್ಲಿಯೇ ನೆಲದ ಮೇಲೆ ಮೊಣಕಾಲೂರಿ ನೋಡಬೇಕು, ಎರಡು ಕೈ ಎತ್ತಿ ನೋಡಬೇಕು, ಮೆಟ್ಟಿಲಿದ್ದರೆ ಹತ್ತಿ ನೋಡಬೇಕು. ನಾಚಿಕೆ ಬೇಡ. ಹಿಂಬಾಲ ಉದ್ದವಿದ್ದರೆ ಒಳಬದಿಗೆ ಗುಂಡಿ ಮತ್ತು ಕುಣಿಕೆ ಇಡಿಸಿ, ವಿಧಿ ಮುಗಿದ ಮೇಲೆ ಎತ್ತಿ ಸಿಕ್ಕಿಸುವಂತಿರಲಿ. ಮುಸುಕು ಬಹುಪಾಲು ನೈಲಾನ್ ನೆಟ್. ಉರಿಯುವ ಮೇಣದಬತ್ತಿಯ ಬಳಿ ಅದನ್ನು ನಂಬಬಾರದು. ವಧೂವರರು ಬಾಗಿ ದೀಪ ಹೊತ್ತಿಸುವ ಕ್ರಮವಿರುವಲ್ಲಿ ಧೆಡಿಯು ಮುಸುಕನ್ನು ಹಿಂದಕ್ಕೆ ಹಿಡಿದುಕೊಂಡಿರಬೇಕೆಂದು ಅಭ್ಯಾಸದ ದಿನವೇ ಹೇಳಿಡಿ.

ಬಣ್ಣದಲ್ಲಿಯೂ ಬಿಳಿ ಒಂದೇ ಅಲ್ಲ. ಅಚ್ಚಬಿಳಿಯು ಟ್ಯೂಬ್‌ಲೈಟಿನಡಿ ನೀಲಿಗೆ ತಿರುಗಿ ನಮ್ಮ ಗೋಧಿ ಮೈಬಣ್ಣವನ್ನು ಮಂಕಾಗಿಸುತ್ತದೆ. ಆನೆದಂತದ ಬಿಳಿ ಅಥವಾ ಕೆನೆಬಣ್ಣವು ಚಿನ್ನಕ್ಕೂ ನಮ್ಮ ಮೈಬಣ್ಣಕ್ಕೂ ಒಪ್ಪುತ್ತದೆ. ಬಟ್ಟೆಯ ತುಂಡನ್ನು ಅಂಗಡಿಯ ಹೊರಗೆ ಹಗಲು ಬೆಳಕಿಗೆ ತಂದು, ಕತ್ತಿನ ಸರದ ಬಳಿ ಹಿಡಿದು ನೋಡುವುದು ಒಳ್ಳೆಯದು. ಮದುವೆಗೆ ಮೂರು ತಿಂಗಳ ಮೊದಲೇ ಹೊಲಿಗೆಗೆ ಕೊಟ್ಟು, ಕೊನೆಯ ಅಳತೆಯನ್ನು ಮದುವೆಯ ವಾರಕ್ಕೆ ಬಿಡಬೇಕು. ಓಡಾಟದಲ್ಲಿ ಹುಡುಗಿಯರು ಸೊರಗುವುದುಂಟು, ನೆಂಟರ ಮನೆಯ ಊಟದಲ್ಲಿ ಉಬ್ಬುವುದೂ ಉಂಟು. ಒಳಗೆ ಎರಡು ಅಂಗುಲ ಬಟ್ಟೆ ಬಿಟ್ಟಿರಲಿ. ಅಳತೆಗೆ ಹೋಗುವಾಗ ಮದುವೆಯ ದಿನದ ಪಾದರಕ್ಷೆಯನ್ನೇ ಕೊಂಡೊಯ್ಯಬೇಕು; ಹಿಮ್ಮಡಿಯ ಎತ್ತರ ಬದಲಾದರೆ ಅಂಚು ನೆಲ ಗುಡಿಸುತ್ತದೆ ಇಲ್ಲವೆ ಕಣಕಾಲಿಗೇರುತ್ತದೆ. ಧೆಡಿಯ ಕೈಚೀಲದಲ್ಲಿ ಸೂಜಿ, ಬಿಳಿಯ ದಾರ, ನಾಲ್ಕು ಪಿನ್ನು, ಒಂದು ಬಿಳಿಯ ಸೀಮೆಸುಣ್ಣ ಇರಲಿ. ಆತುರದಲ್ಲಿ ಕುಂಕುಮವೋ ತುಟಿಬಣ್ಣವೋ ತಗಲಿದರೆ ಸೀಮೆಸುಣ್ಣ ಉಜ್ಜಿ ಆ ಹೊತ್ತಿಗೆ ಮರೆಮಾಡಬಹುದು.

ಬಾಡಿಗೆಯ ಗೌನಿನ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ. ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಗೌನು ಬಾಡಿಗೆಗೆ ಕೊಡುವವರಿದ್ದಾರೆ. ನಾಲ್ಕು ಗಂಟೆ ತೊಟ್ಟು ನಲವತ್ತು ವರ್ಷ ಕಪಾಟಿನಲ್ಲಿಡುವ ವಸ್ತುವನ್ನು ಸಾಲ ಮಾಡಿ ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಮುಂಗಡ ಹಣ ಯಾವಾಗ ಹಿಂದಿರುಗುವುದು, ಅಳತೆಗೆ ತಕ್ಕಂತೆ ಹೊಲಿಗೆ ಬದಲಿಸುವವರು ಯಾರು, ಕಲೆ ಬಿದ್ದರೆ ಎಷ್ಟು ಕಡಿತ ಎಂಬುದನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಮದುವೆಯ ಹಿಂದಿನ ದಿನವೇ ಗೌನು ಮನೆಗೆ ಬಂದಿರಬೇಕು. ಅಕ್ಕನ ಅಥವಾ ತಾಯಿಯ ಗೌನನ್ನು ತಿದ್ದಿಸಿ ತೊಡುವುದರಲ್ಲಿಯೂ ಅವಮಾನವೇನಿಲ್ಲ. ಎರಡನೆಯ ಮಹಾಯುದ್ಧದ ನಂತರದ ಇಂಗ್ಲೆಂಡಿನಲ್ಲಿ ಬಟ್ಟೆಗೂ ರೇಶನ್ ಇದ್ದಾಗ, 1947ರಲ್ಲಿ ರಾಜಕುಮಾರಿ ಎಲಿಜಬೆತ್ ಕೂಡ ತನ್ನ ಮದುವೆಯ ಗೌನಿಗೆ ಕೂಪನ್ ಕೊಟ್ಟೇ ಬಟ್ಟೆ ಕೊಳ್ಳಬೇಕಾಗಿತ್ತು. ಸಾಮಾನ್ಯ ಹುಡುಗಿಯರು ಪ್ಯಾರಾಚೂಟಿನ ರೇಷ್ಮೆಯಲ್ಲಿ ಗೌನು ಹೊಲಿಸಿಕೊಂಡದ್ದುಂಟು.

ಸ್ವಂತ ಗೌನಾದರೆ ಮದುವೆಯ ಗಡಿಬಿಡಿ ಇಳಿದ ಕೂಡಲೇ ಒಗೆತಕ್ಕೆ ಕಳುಹಿಸಬೇಕು. ಕೇಕಿನ ಸಕ್ಕರೆ, ಪಾನೀಯ, ಬೆವರು ಇವುಗಳ ಕಲೆ ಮೊದಲು ಕಾಣುವುದಿಲ್ಲ. ವರ್ಷ ಕಳೆದಂತೆ ಕಂದಾಗಿ ಮೇಲೇಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಹಳದಿಯಾಗಿ ಬೂಸ್ಟು ಹಿಡಿಯುತ್ತದೆ. ಪಿನ್ನುಗಳನ್ನೆಲ್ಲ ತೆಗೆದು, ಒಗೆದು ಮೆತ್ತಗಾದ ಹಳೆಯ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ನೆರಳಿನಲ್ಲಿ ಹರಡಿ, ಹಳೆಯ ಮಡಿಕೆ ಬಿಟ್ಟು ಬೇರೆ ಮಡಿಕೆಯಲ್ಲಿ ಮಡಚಿಡಬೇಕು. ಕೆಲವು ತಾಯಂದಿರು ಗೌನಿನ ಹಿಂಬಾಲದಿಂದ ಚೊಚ್ಚಲ ಮಗುವಿಗೆ ಜ್ಞಾನಸ್ನಾನದ ಅಂಗಿಯನ್ನೂ, ಉಳಿದುದರಲ್ಲಿ ಮಗಳಿಗೆ ಪ್ರಥಮ ಪರಮಪ್ರಸಾದದ ಫ್ರಾಕನ್ನೂ ಹೊಲಿಸುತ್ತಾರೆ. ಇದಕ್ಕಿಂತ ಒಳ್ಳೆಯ ಉಪಯೋಗ ನಮಗೆ ತೋಚುವುದಿಲ್ಲ.

ಹೊಲಿಸಲು ಮನಸ್ಸಿಲ್ಲದವರಿಗೆ ಇನ್ನೊಂದು ದಾರಿಯಿದೆ. ನಮ್ಮ ಧರ್ಮಕೇಂದ್ರಗಳ ಸ್ತ್ರೀ ಸಂಘಟನೆಗಳು ಮನಸ್ಸು ಮಾಡಿದರೆ ಒಂದು ಕಪಾಟಿನಲ್ಲಿ ನಾಲ್ಕೈದು ಗೌನುಗಳನ್ನೂ ಎರಡು ಬಿಳಿಯ ಸೀರೆಗಳನ್ನೂ ಒಂದಿಷ್ಟು ಮುಸುಕುಗಳನ್ನೂ ಇಟ್ಟುಕೊಂಡು, ಬೇಕಾದ ಮನೆಗೆ ಸದ್ದಿಲ್ಲದೆ ತಲುಪಿಸಬಹುದು. ಪಡೆದವರ ಹೆಸರು ಸಂಘದ ವರದಿಯಲ್ಲಿಯೂ ಬರಬಾರದು, ವಾರ್ಷಿಕೋತ್ಸವದ ವೇದಿಕೆಯಲ್ಲಿಯೂ ಬರಬಾರದು. ಕೊಡುವವರು ಒಗೆದು, ಒಂದು ಚೀಟಿಯಲ್ಲಿ ಎದೆಯಳತೆ, ಸೊಂಟದಳತೆ, ಹೆಗಲಿನಿಂದ ಅಂಚಿನವರೆಗಿನ ಉದ್ದ, ಒಳಗೆ ಬಿಟ್ಟಿರುವ ಬಟ್ಟೆ ಎಷ್ಟು ಅಂಗುಲ ಎಂಬುದನ್ನು ಬರೆದು, ದಾರದಲ್ಲಿ ಕಟ್ಟಿ ಕೊ‌ಟ್ಟರೆ ದರ್ಜಿಗೆ ಅರ್ಧ ಕೆಲಸ ಉಳಿಯುತ್ತದೆ.